ಗುಜರಿಯ ಬೆಲೆ ಇಳಿದುದರಿಂದ ಉಳಿದ ಸೇತುವೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಸೇಂಟ್ ಲೂಯಿಸ್ ಪಟ್ಟಣದ ಉತ್ತರಕ್ಕೆ, ಮಿಸಿಸಿಪಿ ಮಹಾನದಿಯ ಮೇಲೆ ಉಕ್ಕಿನ ಹಳೆಯ ಸೇತುವೆಯೊಂದು ನಿಂತಿರುವುದು. ‘ಚೈನ್ ಆಫ್ ರಾಕ್ಸ್’ ಎಂದು ಅದರ ಹೆಸರು. ಆ ಎಡೆಯಲ್ಲಿ ಬಂಡೆಗಳು ನದಿಗೆ ಅಡ್ಡಲಾಗಿ ಸಾಲುಗಟ್ಟಿ ಬಿದ್ದಿರುವುದರಿಂದ ‘ಬಂಡೆಗಳ ಸರಪಣಿ’ ಎಂಬರ್ಥದ ಈ ಹೆಸರು ಮೊದಲು ನೀರಿಗೂ ಆಮೇಲೆ ಸೇತುವೆಗೂ ಬಂದಿತು. ೧೯೨೯ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಉದ್ದ ೫,೩೫೩ ಅಡಿ. ಎಂದರೆ ಒಂದು ಮೈಲಿಗೂ ತುಸು ಮಿಗಿಲು. ೧೯೭೫ರ ಸುಮಾರಿಗೆ ಇದನ್ನು ಮದ್ದಿಟ್ಟು ಕೆಡಹುವುದೆಂದು ಬಹುಮಟ್ಟಿಗೆ ಗೊತ್ತಾಗಿಹೋಗಿತ್ತು. ಆದರೆ ಅದೇ ಸಮಯಕ್ಕೆ ಪೇಟೆಯಲ್ಲಿ ಗುಜರಿ ಉಕ್ಕಿನ ಬೆಲೆ ಕುಸಿದುಬಿದ್ದಿತು. ಕೆಡಹಿದರೆ ದೊರೆಯುವ ಕಬ್ಬಿಣದಿಂದ ಲಾಭವೇನೂ ಇಲ್ಲವೆಂದು ಲೆಕ್ಕದಲ್ಲಿ ಕಂಡುಬಂದಿತು. ಸೇತುವೆ ಉಳಿಯಿತು. ಅದನ್ನು ಆಗ ಕಾಪಾಡಿದ ಪುಣ್ಯ ಗುಜರಿ ವರ್ತಕರ ಪಾಲಿಗೇ ಸಲ್ಲಬೇಕಾಗಿದೆ.

ಸಾವಿರಾರು ಹರದಾರಿಗಳಾಚೆಯ ಒಂದು ಕಬ್ಬಿಣದ ಸೇತುವೆಯ ವಿಚಾರಕ್ಕೆ ಈ ಅಂಕಣದಲ್ಲಿ ಎಡೆ ಏಕೆಂದು ವಾಚಕರಲ್ಲಿ ಕೆಲವರು ಕೇಳಿಯಾರು. ಕೇಳತಕ್ಕ ಮಾತೇ ಸರಿ. ಪ್ರಪಂಚದಲ್ಲಿಯೇ ಅತ್ಯಂತ ಧನವಂತವಾದ ಒಂದು ರಾಷ್ಟ್ರ, ಪ್ರಜೆಗಳ ಹಣದಿಂದ ಹೊಸ ರಾಜಮಾರ್ಗವನ್ನು ಕಟ್ಟಿತು. ಕಟ್ಟಿದ ಮೇಲೆ ಹಳೆಯ ಮಾರ್ಗವನ್ನೂ ಅದರ ಸೇತುವೆಗಳನ್ನೂ ಯಾರ ಕೈಗೆ ಒಪ್ಪಿಸಬೇಕೆಂಬುದನ್ನು ಮಾತ್ರ ಮರೆತುಬಿಟ್ಟಿತು. ಈ ಮರೆವಿನ ಫಲವು ಅರವತ್ತು ವರುಷಗಳಿಂದ ಕಣ್ಣಿಗೆ ಕಾಣುತ್ತಿದೆ. ಆ ಹಳೆಯ ಮಾರ್ಗವಾದರೂ ಹೆಸರಿಲ್ಲದ ಬಂಡಿಜಾಡಲ್ಲ. ೧೯೨೬ರ ನವೆಂಬರ್ ೧೧ರಂದು ಅಂಕಿ ಪಡೆದು ಪ್ರಸಿದ್ಧವಾದ ೬೬ನೆಯ ಹೆದ್ದಾರಿ ಅದು. ೨೦೨೬ ಅದರ ನೂರನೆಯ ವರುಷ. ಶತಮಾನೋತ್ಸವಗಳಲ್ಲಿ ತೋರಣಕ್ಕೂ ಭಾಷಣಕ್ಕೂ ಯಾವ ದೇಶದಲ್ಲಿಯೂ ಕೊರತೆ ಇರುವುದಿಲ್ಲ. ತೋರಣ ಕಟ್ಟುವ ಕಂಬಗಳು ತುಕ್ಕು ಹಿಡಿದಿವೆಯೇ ಎಂದು ನೋಡುವವರು ಮಾತ್ರ ವಿರಳ.

ಶಿಕಾಗೋ ನಗರದಿಂದ ಪಡುವಣ ಕಡಲ ತೀರದ ಸಾಂತಾ ಮೋನಿಕಾದವರೆಗೆ, ಎಂಟು ಸಂಸ್ಥಾನಗಳನ್ನು ಹಾದು, ಸುಮಾರು ೨,೪೦೦ ಮೈಲಿಗಳ ದೂರ ಈ ದಾರಿ ಹಬ್ಬಿತ್ತು. ಟಲ್ಸಾ ಪಟ್ಟಣದ ಸೈರಸ್ ಏವರಿ ಎಂಬವರು ಇದಕ್ಕಾಗಿ ಬಹಳ ದುಡಿದುದರಿಂದ ಇದರ ಪಿತಾಮಹರೆಂದು ಅವರನ್ನು ಕರೆಯುವುದುಂಟು. ಮೊದಲಲ್ಲಿ ಅದರ ಬಹುಭಾಗ ಕೆಸರು, ಧೂಳು, ಜಲ್ಲಿ. ಉದ್ದಕ್ಕೂ ಗಟ್ಟಿಯಾದ ಹಾಸು ಬಿದ್ದುದು ೧೯೩೮ರ ಹೊತ್ತಿಗೆ. ಅಷ್ಟರೊಳಗೆ ಒಕ್ಲಹೋಮ ಮೊದಲಾದ ಪ್ರಾಂತಗಳಲ್ಲಿ ಮಳೆ ತಪ್ಪಿ, ಹೊಲದ ಮಣ್ಣೇ ಗಾಳಿಗೆ ಹಾರಿಹೋಗಿ, ಸಾಲಗಾರರು ಭೂಮಿಯನ್ನು ಕಸಿದುಕೊಂಡು, ಸಾವಿರಾರು ರೈತ ಕುಟುಂಬಗಳು ಹರಕು ಮೋಟಾರುಗಳಲ್ಲಿ ಪಾತ್ರೆ ಪರಟೆಗಳನ್ನು ಹೇರಿಕೊಂಡು ಕ್ಯಾಲಿಫೋರ್ನಿಯಕ್ಕೆ ಗುಳೆ ಹೊರಟಾಗ ನಡೆದುದು ಈ ದಾರಿಯನ್ನೇ. ಜಾನ್ ಸ್ಟೈನ್‌ಬೆಕ್ ೧೯೩೯ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಇದಕ್ಕೆ ತಾಯಿಯ ಸ್ಥಾನವನ್ನು ಕೊಟ್ಟರು. ಅಂದಿನಿಂದ ಆ ಹೆಸರು ನಿಂತುಬಿಟ್ಟಿದೆ. ಅಪಘಾತಗಳಿಗಾಗಿ ಇದಕ್ಕೆ ‘ರಕ್ತದ ೬೬’ ಎಂಬ ಇನ್ನೊಂದು ಹೆಸರೂ ಇತ್ತು. ಉತ್ಸವದ ಭಾಷಣಗಳಲ್ಲಿ ಈ ಎರಡನೆಯ ಹೆಸರು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ಇಂತಹ ದಾರಿಗೆ ನದಿಗಳೇ ಕಷ್ಟದ ಎಡೆಗಳು. ಅಂದಿನ ಎಂಜಿನಿಯರುಗಳ ಕೈಯಲ್ಲಿದ್ದ ಉತ್ತಮ ಸಾಧನವೆಂದರೆ ಉಕ್ಕಿನ ಟ್ರಸ್. ಚೌಕದ ಮೂಲೆಯನ್ನು ಒತ್ತಿದರೆ ಅದು ಓರೆಯಾಗುವುದು. ತ್ರಿಕೋನವನ್ನು ಎಷ್ಟು ಒತ್ತಿದರೂ ಅದರ ಆಕಾರ ಕೆಡದು. ಉಕ್ಕಿನ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ ತಗಡುಗಳಿಂದಲೂ ರಿವೆಟ್ಟುಗಳಿಂದಲೂ ಬಿಗಿದರೆ, ಒಂದು ಪಟ್ಟಿ ಎಳೆತವನ್ನೂ ಅದರ ನೆರೆಯ ಪಟ್ಟಿ ಒತ್ತಡವನ್ನೂ ತಾಳಿಕೊಂಡು, ಮೇಲೆ ಬಂದ ಭಾರವನ್ನು ಕೈಯಿಂದ ಕೈಗೆ ದಾಟಿಸುತ್ತ ಕಂಬದವರೆಗೆ ಒಯ್ದು ಇಳಿಸುವುವು. ಕಡಿಮೆ ಉಕ್ಕಿನಿಂದ ಹೆಚ್ಚು ದೂರವನ್ನು ದಾಟುವ ಉಪಾಯ ಇದು. ಇದರಲ್ಲಿ ಮರೆಮಾಚಿದ ಭಾಗ ಯಾವುದೂ ಇಲ್ಲ. ಗಣಿತ ತಿಳಿಯದ ಒಕ್ಕಲಿಗನೂ ಕೆಳಗೆ ನಿಂತು ನೋಡಿದರೆ ಭಾರ ಹೋಗುವ ಹಾದಿ ಕಣ್ಣಿಗೆ ಕಾಣುತ್ತದೆ. ಇಂದಿನ ಕಾಂಕ್ರೀಟು ತೊಲೆಯಲ್ಲಿ ಅದು ಕಾಣುವುದಿಲ್ಲ. ಎಂಜಿನಿಯರು ಹೇಳಿದ ಮಾತನ್ನು ನಂಬಬೇಕು.

ಚೈನ್ ಆಫ್ ರಾಕ್ಸ್ ಸೇತುವೆಯನ್ನು ನೋಡಿದವರು ಮೊದಲು ಆಶ್ಚರ್ಯಪಡುವುದು ಅದರ ಸೊಟ್ಟನ್ನು ಕಂಡು. ನಡುನದಿಯಲ್ಲಿ, ನೀರಿನ ಮೇಲೆ ಅಷ್ಟು ಎತ್ತರದಲ್ಲಿ, ಸೇತುವೆ ಇದ್ದಕ್ಕಿದ್ದಂತೆ ಇಪ್ಪತ್ತು ಡಿಗ್ರಿಗೂ ಮಿಕ್ಕು ತಿರುಗಿಬಿಡುತ್ತದೆ. ನೇರವಾಗಿಯೇ ಕಟ್ಟಬೇಕೆಂದು ಮೊದಲ ನಕಾಶೆ ಇದ್ದಿತು. ಅದಕ್ಕೆ ಹಡಗಿನವರು ಅಡ್ಡ ಬಂದರು. ಪ್ರವಾಹದ ನಡುವೆ ಪಟ್ಟಣಕ್ಕೆ ನೀರೆತ್ತುವ ಎರಡು ಗೋಪುರಗಳು ಆಗಲೇ ಇದ್ದುವು. ಅವುಗಳ ಜತೆಗೆ ಸೇತುವೆಯ ಕಂಬಗಳನ್ನೂ ತಪ್ಪಿಸಿಕೊಂಡು ದೋಣಿಸಾಲುಗಳನ್ನು ನಡೆಸುವುದು ಅಪಾಯವೆಂದು ಅವರು ಕೂಗಿಕೊಂಡರು. ನೇರದ ಗೆರೆಯಲ್ಲಿ ಕೆಲವು ಕಂಬಗಳ ಬುಡಕ್ಕೆ ಗಟ್ಟಿಬಂಡೆ ಸಾಕಷ್ಟು ಸಿಕ್ಕುವಂತಿರಲಿಲ್ಲವೆಂಬುದೂ ತಿಳಿದುಬಂದಿತು. ಅಂತೂ ಸೇತುವೆ ನದಿಗೂ ಬಂಡೆಗೂ ನಾವಿಕರಿಗೂ ತಲೆಬಾಗಿ ಬಳುಕಿತು. ಖರ್ಚು ಅಂದಾಜನ್ನು ಮೀರಿತು. ಇದು ಯಾವ ದೇಶದ ಸೇತುವೆಗೂ ಹೊಸತಲ್ಲ.

ಇದು ಮೊದಲು ಖಾಸಗಿಯವರು ಸುಂಕದ ಆಶೆಯಿಂದ ಕಟ್ಟಿಸಿದ ಸೇತುವೆ. ೧೯೩೦ರ ದಶಕದ ನಡುವಿನಲ್ಲಿ ೬೬ನೆಯ ಹೆದ್ದಾರಿ ಇದರ ಮೇಲೆ ಹಾಯತೊಡಗಿತು. ಆಮೇಲೆ ಇಲಿನಾಯ್ ದಂಡೆಯ ಮ್ಯಾಡಿಸನ್ ಪಟ್ಟಣದವರು ಇದನ್ನು ಕೊಂಡುಕೊಂಡರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ವಿಮಾನದಿಂದ ನೋಡುವವರಿಗೆ ಎದ್ದು ಕಾಣಬಾರದೆಂದು ಅದರ ಕೆಂಪು ಭಾಗಗಳಿಗೆ ಹಸುರು ಬಣ್ಣ ಬಳಿಯಬೇಕಾಯಿತು. ಪೆಟ್ರೋಲು ಪಡಿತರದಿಂದ ಸಂಚಾರ ಕುಗ್ಗಿತು. ನಷ್ಟ ತುಂಬಿಕೊಳ್ಳಲು ಮೋಟಾರೊಂದಕ್ಕೆ ೩೫ ಸೆಂಟು, ಒಳಗೆ ಕುಳಿತ ಪ್ರಯಾಣಿಕನಿಗೆ ತಲಾ ಐದು ಸೆಂಟಿನಂತೆ ಸುಂಕವೇರಿತು. ತಲೆಯೆಣಿಸಿ ಸುಂಕ ತೆತ್ತ ಸಾಮಾನ್ಯರ ಹಣ ಈ ಉಕ್ಕಿನಲ್ಲಿ ಸೇರಿದೆಯೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಇದು ಯಾರ ಸೊತ್ತು ಎಂಬ ಪ್ರಶ್ನೆ ಮುಂದೆ ಬರುವುದಿದೆ.

ಇನ್ನು ಹೊಸ ದಾರಿಯ ಮಾತು. ೧೯೧೯ರಲ್ಲಿ ಅಮೆರಿಕದ ಸೈನ್ಯದ ಲಾರಿಗಳ ಸಾಲೊಂದು ಮೂಡಣ ತೀರದಿಂದ ಪಡುವಣ ತೀರಕ್ಕೆ ಹೊರಟು ಎರಡು ತಿಂಗಳು ತೆಗೆದುಕೊಂಡಿತು. ಹಾದಿಯಲ್ಲಿ ಎಷ್ಟೋ ಮರದ ಸೇತುವೆಗಳು ಲಾರಿಗಳ ಭಾರಕ್ಕೆ ಮುರಿದುವು. ಆ ಸಾಲಿನಲ್ಲಿದ್ದ ತರುಣ ಅಧಿಕಾರಿ ಐಸೆನ್‌ಹೋವರ್. ಮುಂದೆ ಆತನೇ ಅಧ್ಯಕ್ಷನಾಗಿ ೧೯೫೬ರ ಜೂನ್ ೨೯ರಂದು ಅಂತರಸಂಸ್ಥಾನ ಹೆದ್ದಾರಿಗಳ ಶಾಸನಕ್ಕೆ ಸಹಿ ಹಾಕಿದನು. ೪೧,೦೦೦ ಮೈಲಿಗಳ ಹೊಸ ದಾರಿ. ವೆಚ್ಚದಲ್ಲಿ ನೂರಕ್ಕೆ ತೊಂಬತ್ತು ಪಾಲು ಸಂಯುಕ್ತ ಸರಕಾರದ್ದು, ಉಳಿದ ಹತ್ತು ಸಂಸ್ಥಾನದ್ದು. ಈ ಲೆಕ್ಕವನ್ನು ವಾಚಕರು ತುಸು ನಿಧಾನವಾಗಿ ನೋಡಬೇಕೆಂದು ನಮ್ಮ ಬಿನ್ನಹ. ಹತ್ತು ಡಾಲರು ಕೊಟ್ಟರೆ ನೂರು ಡಾಲರಿನ ಹೊಸ ದಾರಿ ದೊರೆಯುವಾಗ, ಹಳೆಯ ಸೇತುವೆಗೆ ಬಣ್ಣ ಬಳಿಯಲು ತನ್ನ ಗಂಟಿನಿಂದ ನೂರು ಡಾಲರು ತೆಗೆಯುವ ಮಂತ್ರಿ ಎಲ್ಲಿ ಸಿಕ್ಕಾನು? ಸೇತುವೆಗಳು ಹಾಳಾದುದಕ್ಕೆ ಅಮೆರಿಕನರ ಹೊಸತಿನ ಮೋಹವೇ ಕಾರಣವೆಂದು ಬರೆಯುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮೋಹಕ್ಕಿಂತ ಈ ತೊಂಬತ್ತು–ಹತ್ತರ ಲೆಕ್ಕವೇ ಹೆಚ್ಚಿನ ಕೆಲಸ ಮಾಡಿದೆ.

೧೯೬೭ರಲ್ಲಿ ಚೈನ್ ಆಫ್ ರಾಕ್ಸಿನ ಮಗ್ಗುಲಲ್ಲಿಯೇ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ೨೭೦ನೆಯ ಅಂತರಸಂಸ್ಥಾನ ಹೆದ್ದಾರಿಯ ಹೊಸ ಸೇತುವೆ ತೆರೆಯಿತು. ಅದರ ಮೇಲೆ ಸುಂಕವಿಲ್ಲ, ಸೊಟ್ಟಿಲ್ಲ. ಹಳೆಯದರ ಸುಂಕದ ಕಟ್ಟೆಗೆ ಗಿರಾಕಿಗಳಿಲ್ಲದೆ ಕೆಲವೇ ವರುಷಗಳಲ್ಲಿ ಅದನ್ನು ಮುಚ್ಚಿದರು. ಮಾರ್ಗದುದ್ದಕ್ಕೂ ಹೀಗೆಯೇ ನಡೆಯಿತು: ಒಂದೊಂದು ತುಂಡಾಗಿ ಹೊಸ ದಾರಿ ಬಂದು ಒಂದೊಂದು ಊರನ್ನು ಬದಿಗೆ ತಳ್ಳಿತು. ಕಟ್ಟಕಡೆಯದಾಗಿ ಅರಿಜೋನದ ವಿಲಿಯಮ್ಸ್ ಪಟ್ಟಣದ ಸರದಿ ೧೯೮೪ರ ಅಕ್ಟೋಬರಿನಲ್ಲಿ ಬಂದಿತು. ೧೯೮೫ರ ಜೂನಿನಲ್ಲಿ ೬೬ ಎಂಬ ಅಂಕಿಯನ್ನೇ ದಫ್ತರದಿಂದ ಹೊಡೆದುಹಾಕಿದರು.

ಅಂಕಿಯನ್ನು ಹೊಡೆದುಹಾಕುವುದು ಸುಲಭ. ನದಿಯ ಮೇಲೆ ನಿಂತ ಸಾವಿರಾರು ಮಣ ಉಕ್ಕನ್ನು ಹೊಡೆದುಹಾಕುವುದು ಹಾಗಲ್ಲ. ಅದು ಸಂಸ್ಥಾನದ ಪಾಲಿಗೋ, ಕೌಂಟಿಯ ಪಾಲಿಗೋ, ಸಣ್ಣ ಪಟ್ಟಣದ ಪಾಲಿಗೋ ಬಿದ್ದಿತು. ದಾರಿಹೋಕರಿಂದ ಬದುಕುತ್ತಿದ್ದ ಊರುಗಳು ದಾರಿಹೋಕರನ್ನು ಕಳೆದುಕೊಂಡು ಬಡವಾದ ಹೊತ್ತಿಗೇ ಈ ಆಸ್ತಿ ಅವುಗಳ ಕೊರಳಿಗೆ ಬಂದಿತು. ಆಮೇಲೆ ಒಂದೊಂದರ ಗತಿ ಒಂದೊಂದು ಬಗೆ.

ಮಿಸೌರಿಯ ಡೆವಿಲ್ಸ್ ಎಲ್ಬೊ ಎಂಬ ಹಳ್ಳಿಯ ಹತ್ತಿರ ಬಿಗ್ ಪೈನಿ ಹೊಳೆಯ ಮೇಲೆ ೧೯೨೩ರ ಟ್ರಸ್ ಸೇತುವೆಯಿದೆ. ಅದನ್ನು ೨೦೧೩–೧೪ರ ಸುಮಾರಿಗೆ ದುರಸ್ತು ಮಾಡಿಸಿದರು. ಮೋಟಾರುಗಳು ಇನ್ನೂ ಅದರ ಮೇಲೆ ಹೋಗುವುವು. ಅದೇ ಸಂಸ್ಥಾನದ ಹೇಜಲ್‌ಗ್ರೀನಿನ ಬಳಿ ಗ್ಯಾಸ್ಕನೇಡ್ ನದಿಯ ಸೇತುವೆಗೆ ಆ ಭಾಗ್ಯವಿರಲಿಲ್ಲ. ಒಂದೇ ಸೇತುವೆಯಲ್ಲಿ ಬೇರೆಬೇರೆ ಮಾದರಿಯ ಟ್ರಸ್ಸುಗಳನ್ನು ಸಾಲಾಗಿ ಜೋಡಿಸಿದ ಅಪರೂಪದ ಕೆಲಸ ಅದು. ೧೯೨೦ರ ದಶಕದ ಆರಂಭದಲ್ಲಿ ಕಟ್ಟಿದ ಅದನ್ನು ೨೦೧೪ರ ಡಿಸೆಂಬರಿನಲ್ಲಿ ತುಕ್ಕಿನ ಕಾರಣದಿಂದ ಮುಚ್ಚಿದರು. ನ್ಯೂ ಮೆಕ್ಸಿಕೋದ ರಿಯೋ ಪುಎರ್ಕೋ ಹೊಳೆಯ ಮಣ್ಣು ಬಹು ಸಡಿಲ. ನಡುವೆ ಕಂಬ ನಿಲ್ಲಿಸಿದರೆ ಪ್ರವಾಹ ಅದರ ಬುಡವನ್ನು ಕೊರೆದುಹಾಕುವುದೆಂದು ೧೯೩೩ರಲ್ಲಿ ಒಂದೇ ನೆಗೆತಕ್ಕೆ ೨೫೦ ಅಡಿ ದಾಟುವ ಟ್ರಸ್ಸನ್ನು ಅಲ್ಲಿ ಇಟ್ಟರು. ೧೯೯೯ರಲ್ಲಿ ಅದರ ಮೇಲಿನ ಮೋಟಾರು ಸಂಚಾರ ನಿಂತಿತು. ಸೇತುವೆಯನ್ನು ಮಾತ್ರ ಇದ್ದಲ್ಲಿಯೇ ಉಳಿಸಿದರು.

ಎಲ್ಲಕ್ಕಿಂತ ವಿಚಿತ್ರವಾದುದು ಸೇಂಟ್ ಲೂಯಿಸಿನ ನೈರುತ್ಯಕ್ಕೆ ಮೆರಮೆಕ್ ನದಿಯ ಮೇಲಿನ ೧೯೩೨ರ ಸೇತುವೆಯ ಕಥೆ. ಅದರ ಆಚೆ ದಡದಲ್ಲಿ ಟೈಮ್ಸ್ ಬೀಚ್ ಎಂಬ ಊರಿತ್ತು. ೧೯೭೦ರ ದಶಕದಲ್ಲಿ ಬೀದಿಯ ಧೂಳನ್ನು ಅಡಗಿಸಲೆಂದು ಅಲ್ಲಿ ಎಣ್ಣೆ ಚಿಮುಕಿಸುತ್ತಿದ್ದರು. ಆ ಎಣ್ಣೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿದ್ದುದು ಮುಂದೆ ಹೊರಬಿದ್ದಿತು. ೧೯೮೨ರ ಡಿಸೆಂಬರಿನಲ್ಲಿ ಪ್ರವಾಹವೂ ಬಂದಿತು. ೧೯೮೩ರಲ್ಲಿ ಸರಕಾರವು ಇಡೀ ಊರನ್ನೇ ಕೊಂಡುಕೊಳ್ಳುವುದೆಂದು ಸಾರಿ, ಎರಡು ಸಾವಿರಕ್ಕೂ ಮಿಕ್ಕ ಜನರನ್ನು ಎಬ್ಬಿಸಿತು, ಮನೆಗಳು ನೆಲಸಮವಾದುವು. ನೆಲವನ್ನು ಶುದ್ಧಿಮಾಡಿ ೧೯೯೯ರಲ್ಲಿ ಅಲ್ಲಿ ೬೬ನೆಯ ಹೆದ್ದಾರಿಯ ಹೆಸರಿನಲ್ಲಿಯೇ ಒಂದು ಉದ್ಯಾನವನ್ನು ತೆರೆದರು. ಸಂದರ್ಶಕರ ಮಂದಿರ ಈಚೆಯ ದಡದಲ್ಲಿ, ಉದ್ಯಾನ ಆಚೆಯ ದಡದಲ್ಲಿ, ನಡುವೆ ಸೇತುವೆ. ೨೦೦೯ರಲ್ಲಿ ಸೇತುವೆಯನ್ನು ಮುಚ್ಚಿದರು. ಆಮೇಲೆ ಮೇಲಿನ ಹಾಸನ್ನೂ ಕಿತ್ತು ತೆಗೆದರು. ಹೀಗಾಗಿ ೬೬ರ ನೆನಪಿನ ಉದ್ಯಾನವನ್ನು ನೋಡಬಂದವನು ಮಂದಿರದಿಂದ ಉದ್ಯಾನಕ್ಕೆ ಹೋಗಲು, ೬೬ನ್ನು ಮುಗಿಸಿದ ಆ ಅಂತರಸಂಸ್ಥಾನ ಹೆದ್ದಾರಿಯನ್ನೇ ಹಿಡಿದು ಸುತ್ತಬೇಕಾಯಿತು. ಹಾಸ್ಯಗಾರನೊಬ್ಬನು ಇದನ್ನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತೆಂದು ನಾವು ಅವನನ್ನು ಬಯ್ಯುತ್ತಿದ್ದೆವು.

ಎದುರು ಪಕ್ಷದವರ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಹಳೆಯ ಟ್ರಸ್ ಸೇತುವೆಗಳು ಇಕ್ಕಟ್ಟು. ಇಂದಿನ ಲಾರಿಗಳು ಎದುರೆದುರು ಬಂದರೆ ಕನ್ನಡಿಗೆ ಕನ್ನಡಿ ತಾಗುವುದು. ಅದಕ್ಕಿಂತ ಮುಖ್ಯವಾದುದು, ಅನೇಕ ಟ್ರಸ್ಸುಗಳಲ್ಲಿ ಒಂದು ಮುಖ್ಯ ಪಟ್ಟಿ ಕಡಿದರೆ ಭಾರ ಹೊರಲು ಬೇರೆ ಹಾದಿಯಿಲ್ಲ, ಇಡೀ ಅಂಕಣವೇ ಕುಸಿಯಬಹುದು. ೨೦೦೭ರ ಆಗಸ್ಟ್ ೧ರಂದು ಮಿನಿಯಾಪೊಲಿಸಿನಲ್ಲಿ ಮಿಸಿಸಿಪಿಯ ಮೇಲಿನ ಟ್ರಸ್ ಸೇತುವೆ ಸಂಜೆಯ ಸಂದಣಿಯಲ್ಲಿ ನೀರಿಗೆ ಬಿದ್ದು ೧೩ ಜನ ಸತ್ತರು. ೨೦೧೩ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಸ್ಕ್ಯಾಜಿಟ್ ನದಿಯ ಸೇತುವೆಯಲ್ಲಿ ಲಾರಿಯ ಎತ್ತರದ ಹೇರು ಮೇಲಿನ ಪಟ್ಟಿಗೆ ಬಡಿದು ಒಂದು ಅಂಕಣ ಉದುರಿತು. ಇವನ್ನು ಕಂಡ ಎಂಜಿನಿಯರು ಹಳೆಯ ಟ್ರಸ್ಸಿನ ಮೇಲೆ ಜನರನ್ನು ಬಿಡಲು ಹಿಂದೆಗೆದರೆ ಅವನನ್ನು ರಸಹೀನನೆಂದು ಜರೆಯುವುದು ಅನ್ಯಾಯ.

ಹಾಗಿದ್ದರೂ ಈ ಎರಡು ಉದಾಹರಣೆಗಳನ್ನು ಬಿಚ್ಚಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಬಿದ್ದ ಎರಡೂ ಸೇತುವೆಗಳು ಅಂತರಸಂಸ್ಥಾನ ಹೆದ್ದಾರಿಗಳ ಮೇಲಿದ್ದುವು. ಮಿನಿಯಾಪೊಲಿಸಿನ ಸೇತುವೆ ತೆರೆದುದು ೧೯೬೭ರಲ್ಲಿ. ಪಟ್ಟಿಗಳನ್ನು ಕೂಡಿಸುವ ತಗಡುಗಳನ್ನು ಮೊದಲ ನಕಾಶೆಯಲ್ಲಿಯೇ ಬೇಕಾದುದಕ್ಕಿಂತ ತೆಳುವಾಗಿ ಗೊತ್ತುಮಾಡಿದ್ದರೆಂದೂ, ಮುಂದೆ ಸೇತುವೆಯ ಮೇಲೆ ಭಾರವನ್ನು ಹೆಚ್ಚಿಸುತ್ತ ಹೋದರೆಂದೂ ವಿಚಾರಣೆಯಲ್ಲಿ ಹೊರಬಿದ್ದಿತು. ವಯಸ್ಸೊಂದೇ ಸೇತುವೆಯನ್ನು ಕೆಡಹುವುದಿಲ್ಲ. ಭಾರ, ಉಪ್ಪು, ತುಕ್ಕು, ನೋಡುವವರಿಲ್ಲದಿರುವುದು, ಇವು ಕೆಡಹುವುವು. ಮೂವತ್ತು ಟನ್ನಿನ ಲಾರಿ ಹೊರಲಾರದ ಟ್ರಸ್ಸು ಕಾಲುನಡೆಯವರನ್ನೂ ಬೈಸಿಕಲ್ಲಿನವರನ್ನೂ ನಿರಾಯಾಸವಾಗಿ ಹೊರಬಲ್ಲುದು. ಲಾರಿ ಪಕ್ಕದ ಹೊಸ ದಾರಿಗೆ ಹೋದುದೇ ಹಳೆಯ ಸೇತುವೆಗೆ ದೊರೆತ ದೊಡ್ಡ ವಿಶ್ರಾಂತಿ. ಆ ವಿಶ್ರಾಂತಿಯ ಕಾಲದಲ್ಲಿ ಅದಕ್ಕೆ ಬಣ್ಣವನ್ನೇ ಬಳಿಯದೆ ಬಿಟ್ಟು, ಆಮೇಲೆ ‘ಅಯ್ಯೋ, ಹಳೆಯದಾಯಿತು’ ಎನ್ನುವುದು ಸರಿಯಾದ ವಾದವಲ್ಲ.

ಒಕ್ಲಹೋಮ ಸಂಸ್ಥಾನದವರು ಈಚೆಗೆ ಹಿಡಿದ ನಡುದಾರಿಯೊಂದನ್ನು ಇಲ್ಲಿ ಪರಿಶೀಲಿಸುವುದು ಉಚಿತ. ಸೌತ್ ಕನೇಡಿಯನ್ ನದಿಯ ಮೇಲೆ, ಬ್ರಿಜ್‌ಪೋರ್ಟ್ ಊರಿನ ಹತ್ತಿರ, ೧೯೩೩ರ ಸುಮಾರಿಗೆ ಕಟ್ಟಿದ ಸೇತುವೆ ಮುಕ್ಕಾಲು ಮೈಲಿ ಉದ್ದ. ನಲವತ್ತಕ್ಕೆ ಎರಡೇ ಕಡಿಮೆಯಾಗಿ ೩೮ ಗಿಡ್ಡ ಟ್ರಸ್ಸುಗಳು ಒಂದರ ಹಿಂದೊಂದು ನಿಂತು, ದೂರದಿಂದ ಹಳದಿ ಬಣ್ಣದ ಅಲೆಗಳಂತೆ ಕಾಣುವುವು. ತಲೆಯ ಮೇಲೆ ಅಡ್ಡಪಟ್ಟಿಯಿಲ್ಲದ ಇಂತಹ ಗಿಡ್ಡ ಟ್ರಸ್ಸಿಗೆ ಅಲ್ಲಿಯವರು ‘ಪೋನಿ’, ಎಂದರೆ ತಟ್ಟುಕುದುರೆ, ಎಂದು ಹೆಸರಿಟ್ಟಿದ್ದಾರೆ. ಸ್ಟೈನ್‌ಬೆಕ್ಕರ ಕಾದಂಬರಿಯಿಂದ ೧೯೪೦ರಲ್ಲಿ ತಯಾರಾದ ಚಲಚ್ಚಿತ್ರದಲ್ಲಿಯೂ ಈ ಸೇತುವೆ ಕಾಣಿಸಿಕೊಂಡಿದೆ. ಇದರ ಪೂರ್ವವೃತ್ತಾಂತದಲ್ಲಿ ಒಂದು ಸ್ವಾರಸ್ಯವಿದೆ. ಮೊದಲು ದಾರಿ ಬ್ರಿಜ್‌ಪೋರ್ಟ್ ಊರಿನೊಳಗೇ ಹಾದು, ಸುಂಕದ ತೂಗುಸೇತುವೆಯೊಂದರ ಮೇಲೆ ನದಿ ದಾಟುತ್ತಿತ್ತು. ಈ ಹೊಸ ಸೇತುವೆ ಬಂದುದರಿಂದ ದಾರಿ ನೇರವಾಯಿತು, ಮೈಲಿಗಳು ಉಳಿದುವು, ಬ್ರಿಜ್‌ಪೋರ್ಟ್ ಬಡವಾಯಿತು. ಈಗ ಅಲ್ಲಿ ನೂರರ ಆಸುಪಾಸಿನ ಜನರಿದ್ದಾರೆ. ಎಂದರೆ ಇಂದು ನಾವು ಮರುಗುವ ಈ ಸೇತುವೆಯೇ ಒಂದು ಕಾಲಕ್ಕೆ ಬೇರೊಂದು ಊರನ್ನು ಬದಿಗೆ ತಳ್ಳಿತ್ತು. ಮೂವತ್ತು ವರುಷ ಕಳೆಯುವಷ್ಟರಲ್ಲಿ ೪೦ನೆಯ ಅಂತರಸಂಸ್ಥಾನ ಹೆದ್ದಾರಿ ಬಂದು ಇದನ್ನೂ ಬದಿಗೆ ತಳ್ಳಿತು.

೨೦೨೦ರ ದಶಕದ ಮೊದಲ ವರುಷಗಳಲ್ಲಿ ಒಕ್ಲಹೋಮದವರು ಮಾಡಿದುದೇನೆಂದರೆ: ಅಲ್ಲಿಯೇ ಹೊಸ ಸೇತುವೆಯನ್ನು ಕಟ್ಟಿ, ಭಾರವನ್ನೆಲ್ಲ ಹೊಸ ತೊಲೆಗಳ ಮೇಲೆ ಹೊರಿಸಿ, ಹಳೆಯ ಟ್ರಸ್ಸುಗಳನ್ನು ದುರಸ್ತುಗೊಳಿಸಿ ಎರಡು ಮಗ್ಗುಲಿಗೂ ಮೊದಲಿನಂತೆ ಕೂಡಿಸಿದರು. ನೋಡುವವರಿಗೆ ಹಳದಿಯ ಅಲೆಗಳು ಹಾಗೆಯೇ ಇವೆ. ಹೊರುವ ಕೆಲಸ ಮಾತ್ರ ಅವುಗಳದಲ್ಲ. ಇದನ್ನು ಕೆಲವರು ಜಾಣ್ಮೆಯೆಂದು ಹೊಗಳುವರು, ಕೆಲವರು ವೇಷವೆಂದು ಹಳಿಯುವರು. ನಮಗೆ ತೋರುವಂತೆ, ಇದು ಏನೂ ಇಲ್ಲದುದಕ್ಕಿಂತ ಎಷ್ಟೋ ಮೇಲು. ಆದರೆ ಇದಕ್ಕೆ ಸಂರಕ್ಷಣೆಯೆಂಬ ಹೆಸರು ಪೂರ್ಣವಾಗಿ ಸಲ್ಲದು. ಟ್ರಸ್ಸಿನ ಸೊಗಸೆಲ್ಲ ಅದು ಹೊರುವುದರಲ್ಲಿದೆ. ಹೊರದ ಟ್ರಸ್ಸು, ಮಲ್ಲನ ಚಿತ್ರಪಟವನ್ನು ಗರಡಿಯ ಗೋಡೆಗೆ ತೂಗುಹಾಕಿದಂತೆ. ಮೋಟಾರುಗಳು ಓಡಲೇಬೇಕಾದ ದಾರಿಯಲ್ಲಿ ಬೇರೆ ಉಪಾಯವಿಲ್ಲದೆ ಹೀಗೆ ಮಾಡಿದರೆಂದರೆ ಒಪ್ಪೋಣ. ಹತ್ತಿರದಲ್ಲಿಯೇ ಬೇರೆ ದಾರಿಯಿರುವ ಕಡೆ ಇದೇ ಮಾದರಿಯಾಗಬಾರದು.

ಚೈನ್ ಆಫ್ ರಾಕ್ಸಿನಲ್ಲಿ ಬೇರೆ ಮಾದರಿಯೇ ನಡೆದಿದೆ. ಮುಚ್ಚಿದ ಮೇಲೆ ಅದು ಬಹುಕಾಲ ಪಾಳುಬಿದ್ದು, ೧೯೮೧ರಲ್ಲಿ ಬಿಡುಗಡೆಯಾದ, ನಾಶವಾದ ನ್ಯೂಯಾರ್ಕನ್ನು ತೋರಿಸುವ ಒಂದು ಚಲಚ್ಚಿತ್ರಕ್ಕೆ ಬೇರೆ ಅಲಂಕಾರವೇ ಬೇಡವೆನ್ನುವಂತೆ ಒದಗಿತು. ಆಮೇಲೆ ಟ್ರೇಲ್‌ನೆಟ್ ಎಂಬ ಸಾರ್ವಜನಿಕ ಸಂಸ್ಥೆ ಅದನ್ನು ಗೇಣಿಗೆ ಪಡೆದು, ಹಣ ಕೂಡಿಸಿ, ದುರಸ್ತು ಮಾಡಿ, ೧೯೯೯ರಲ್ಲಿ ಕಾಲುನಡೆಯವರಿಗೂ ಬೈಸಿಕಲ್ಲಿನವರಿಗೂ ತೆರೆಯಿತು. ಅಲ್ಲಿ ಟ್ರಸ್ಸುಗಳೇ ಹೊರುತ್ತವೆ. ನಡುನದಿಯ ಸೊಟ್ಟಿನಲ್ಲಿ ನಿಂತು ಜನ ನೀರೆತ್ತುವ ಗೋಪುರಗಳನ್ನು ನೋಡುತ್ತಾರೆ. ಇತ್ತ ೧೯೬೭ರ ಆ ನೇರವಾದ, ಸುಂಕವಿಲ್ಲದ ಹೊಸ ಸೇತುವೆಗೆ ಅರವತ್ತು ತುಂಬುವ ಮೊದಲೇ ಆಯುಸ್ಸು ತೀರಿತೆಂದು ತೀರ್ಮಾನವಾಗಿ, ೨೦೨೦ರ ದಶಕದಲ್ಲಿ ಅದರ ಬದಲಿಗೆ ಮತ್ತೊಂದನ್ನು ಕಟ್ಟಲು ಕೈಹಾಕಿದರು. ಕೆಲಸಕ್ಕೆ ಬಾರದೆಂದು ಮುಚ್ಚಿದ ೧೯೨೯ರದು ಪಕ್ಕದಲ್ಲಿ ನಿಂತುಕೊಂಡು ಇದನ್ನು ನೋಡುವಂತಾಯಿತು.

ಹಳೆಯ ದಾರಿಯನ್ನು ಕುರಿತು ಬರೆಯುವವರು ಅದನ್ನು ಸ್ವರ್ಗದ ಸೋಪಾನವೆಂಬಂತೆ ಬಣ್ಣಿಸುವುದುಂಟು. ಅದು ನಮಗೆ ಸಮ್ಮತವಲ್ಲ. ಈ ದಾರಿಯಲ್ಲಿ ನೀಗ್ರೋ ಜನಾಂಗದವರೆಂದು ಆಗ ಕರೆಯಿಸಿಕೊಳ್ಳುತ್ತಿದ್ದ ಕರಿಯ ಪ್ರಜೆಗಳಿಗೆ ಎಷ್ಟೋ ಊರುಗಳಲ್ಲಿ ಅನ್ನವಾಗಲಿ, ಹಾಸಿಗೆಯಾಗಲಿ, ಪೆಟ್ರೋಲಾಗಲಿ ದೊರೆಯುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಊರು ಬಿಟ್ಟುಹೋಗಬೇಕೆಂಬ ಕಟ್ಟಳೆ ಕೆಲವೆಡೆ ಇತ್ತು. ನ್ಯೂಯಾರ್ಕಿನ ಹಾರ್ಲೆಮಿನ ವಿಕ್ಟರ್ ಗ್ರೀನ್ ಎಂಬ ಅಂಚೆಯವನು ೧೯೩೬ರಿಂದ ಮೊದಲ್ಗೊಂಡು, ಅವರಿಗೆ ನಿರಾತಂಕವಾಗಿ ತಂಗಲು ಎಡೆಕೊಡುವ ಮನೆಗಳ ಪಟ್ಟಿಯನ್ನು ಪುಸ್ತಕವಾಗಿ ಅಚ್ಚುಹಾಕಿಸುತ್ತಿದ್ದನು. ೧೯೬೦ರ ದಶಕದ ನಡುವಿನವರೆಗೂ ಅದು ಹೊರಟಿತು. ಸೇತುವೆಯ ಸುಂಕದವನು ಇವರಿಂದಲೂ ೩೫ ಸೆಂಟನ್ನೇ ತೆಗೆದುಕೊಂಡಿರಬೇಕು. ಸೇತುವೆಯನ್ನು ಉಳಿಸಿದರೆ ಅದರ ಮೇಲೆ ಇಡುವ ಫಲಕದಲ್ಲಿ ಇದೂ ಬರೆಯಲ್ಪಡಬೇಕು. ಗುಳೆ ಹೊರಟ ರೈತನ ಹೆಸರೂ ಇರಬೇಕು. ಕೆಡಹಿದ ಮೇಲೆ ಫಲಕವನ್ನು ಯಾವುದಕ್ಕೆ ಮೊಳೆ ಹೊಡೆಯುವುದು?

ಇನ್ನು ಹಣದ ಮಾತಿಗೆ ಬರೋಣ. ಕೊನೆಗೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುವುದು. ೧೯೮೭ರಲ್ಲಿ ಅಮೆರಿಕದ ಶಾಸನಸಭೆ ಚಾರಿತ್ರಿಕ ಸೇತುವೆಗಳಿಗಾಗಿ ಒಂದು ಏರ್ಪಾಡು ಮಾಡಿತು. ಕೆಡಹಬೇಕೆಂದಿರುವ ಹಳೆಯ ಸೇತುವೆಯನ್ನು ಮೊದಲು ಯಾರಾದರೂ ವಹಿಸಿಕೊಳ್ಳುವರೇ ಎಂದು ಸಾರಿ ಕೇಳಬೇಕು. ವಹಿಸಿಕೊಂಡವರಿಗೆ ಕೆಡಹುವ ವೆಚ್ಚವನ್ನು ಅಳತೆಗೋಲಾಗಿಟ್ಟುಕೊಂಡು ಸಹಾಯಧನ ಕೊಡಬಹುದು. ಉದ್ದೇಶ ಒಳ್ಳೆಯದು. ಅಳತೆಗೋಲು ಮಾತ್ರ ಗುಜರಿಯವನದು. ಕೆಡಹುವುದು ಒಂದು ಸಲದ ಕೆಲಸ. ಕಾಪಾಡುವುದಾದರೆ ಇಷ್ಟಿಷ್ಟು ವರುಷಕ್ಕೊಮ್ಮೆ ಬಣ್ಣ, ಆಗಾಗ ತಪಾಸಣೆ, ಪ್ರತಿವರುಷವೂ ವಿಮೆ. ಒಮ್ಮೆ ಕೊಟ್ಟ ಹಣವನ್ನು ಹಿಡಿದುಕೊಂಡು ಮುಂದಿನ ಐವತ್ತು ವರುಷದ ಹೊಣೆಯನ್ನು ಹೊರಲು ಯಾವ ಸಣ್ಣ ಪಟ್ಟಣ, ಯಾವ ಸೇವಾಸಂಘ ಧೈರ್ಯಮಾಡೀತು? ಸೇತುವೆಯನ್ನು ವಹಿಸಿಕೊಳ್ಳುವವರು ಯಾರೂ ಮುಂದೆ ಬರಲಿಲ್ಲವೆಂದು ಆಮೇಲೆ ಇಲಾಖೆಯವರು ದಫ್ತರದಲ್ಲಿ ಬರೆದುಕೊಳ್ಳುವರು. ಬರೆದುದು ಸುಳ್ಳೂ ಅಲ್ಲ.

ಎಲ್ಲ ಹಳೆಯ ಸೇತುವೆಗಳನ್ನೂ ಉಳಿಸಬೇಕೆಂದು ನಾವು ಹೇಳುವುದಿಲ್ಲ. ಬುಡ ಕೊರೆದುಹೋದುದು, ಮುಖ್ಯ ಪಟ್ಟಿಗಳನ್ನೇ ತುಕ್ಕು ತಿಂದುದು, ನಡೆಯುವವರೇ ಇಲ್ಲದ ಕಾಡಿನಲ್ಲಿ ಒಂಟಿಯಾಗಿ ನಿಂತುದು, ಇಂತಹವನ್ನು ಅಳತೆ ತೆಗೆದು ಚಿತ್ರ ಬರೆಸಿಕೊಂಡು ಇಳಿಸಿಬಿಡಲಿ. ಉಳಿಯತಕ್ಕವು ಯಾವುವೆಂಬುದನ್ನು ಎಂಜಿನಿಯರರೂ ಸುತ್ತಲಿನ ಊರಿನವರೂ ಕೂಡಿ ಕುಳಿತು ಗೊತ್ತುಮಾಡಲಿ. ಆ ಮಾತುಕತೆ ಹ್ಯಾಗೆ ನಡೆದರೂ ಗುಜರಿ ಪೇಟೆಯ ಧಾರಣೆಗೆ ಅದರಲ್ಲಿ ಮತವಿರಕೂಡದು. ಗೊತ್ತಾದವುಗಳ ಮಟ್ಟಿಗೆ ನಮ್ಮ ಸೂಚನೆ ಒಂದೇ. ಹೊಸ ಸೇತುವೆಯ ಅಂದಾಜುಪಟ್ಟಿಯನ್ನು ತಯಾರಿಸುವಾಗಲೇ, ಅದು ಬದಿಗೆ ತಳ್ಳುವ ಹಳೆಯ ಸೇತುವೆಯ ಐವತ್ತು ವರುಷದ ಬಣ್ಣ, ತಪಾಸಣೆ, ವಿಮೆಗಳ ಖರ್ಚನ್ನು ಅದೇ ಪಟ್ಟಿಯಲ್ಲಿ ಒಂದು ಪಂಕ್ತಿಯಾಗಿ ಸೇರಿಸತಕ್ಕದ್ದು. ಸಂಯುಕ್ತ ಸರಕಾರವು ಹೊಸದಕ್ಕೆ ಎಷ್ಟು ಪಾಲು ಕೊಡುವುದೋ ಹಳೆಯದಕ್ಕೂ ಅಷ್ಟೇ ಪಾಲು ಕೊಡತಕ್ಕದ್ದು. ಕೋಟಿಗಟ್ಟಲೆ ಡಾಲರಿನ ಹೊಸ ಸೇತುವೆಯ ಪಟ್ಟಿಯಲ್ಲಿ ಈ ಪಂಕ್ತಿ ಕಣ್ಣಿಗೆ ಬೀಳುವಷ್ಟು ದೊಡ್ಡದಾಗದು. ನೂರನೆಯ ವರುಷದ ಸಂಭ್ರಮಕ್ಕೆಂದು ಹಣ ಮಂಜೂರು ಮಾಡಲಿರುವ ಮಿಸೌರಿ, ಇಲಿನಾಯ್, ಒಕ್ಲಹೋಮ ಮೊದಲಾದ ಎಂಟು ಸಂಸ್ಥಾನಗಳ ಶಾಸನಸಭೆಗಳು ಆ ಪಂಕ್ತಿಯನ್ನು ಮೊದಲು ಬರೆಯಲಿ. ತೋರಣದ ಖರ್ಚನ್ನು ಆಮೇಲೆ ನೋಡಿಕೊಳ್ಳಬಹುದು.